ಬಾನೆಟ್ ಹಗುರ... ಬಾಗಿಲು ಭಾರ!

ಪೌರಾಣಿಕ ಚಿತ್ರದಲ್ಲಿ ಭೀಮಸೇನ ಬಂಡೆ ಎತ್ತಿ ಎಸೀತಾನೆ. ಟಾಕೀಸಿನಲ್ಲಿ ಶಿಳ್ಳೆಯೋ ಶಿಳ್ಳೆ! ಆ ಬಂಡೆಯನ್ನ ಬೆಳಿಗ್ಗೆ ಸೆಟ್ಟಿಗೆ ಹೊತ್ತು ತಂದವನು ಯಾರು ಗೊತ್ತೇ? ಒಬ್ಬ ಬಡಕಲು ಸೆಟ್ ಹುಡುಗ. ಅದೂ ಒಂದೇ ಕೈಲಿ. ಇನ್ನೊಂದು ಕೈಲಿ ಅವನ ಟೀ ಲೋಟ!

ಫೈಬರ್ ಸ್ವಾಮಿ, ಫೈಬರ್. ಅರಮನೆಯ ಕಂಬ, ದೇವಿಯ ಕಿರೀಟ, ಖಳನಾಯಕನ ಗುಹೆಯ ಬಾಗಿಲಲ್ಲಿ ಬಾಯಿ ತೆರೆದ ಸಿಂಹ, ಎಲ್ಲವೂ ಅದರಲ್ಲೇ. ಕಲಾ ವಿಭಾಗದಲ್ಲಿ ತಲೆ ನರೆಯೋವರೆಗೂ ದುಡಿದ ನನಗೆ ಆ ರೆಸಿನ್ ವಾಸನೆ ಈಗಲೂ ಮೂಗಿನಿಂದ ಹೋಗಿಲ್ಲ. ಸೆಟ್ಟಿನ ಫೈಬರಿಗೆ ಒಂದು ಧರ್ಮ ಉಂಟು. ಇಪ್ಪತ್ತು ದಿನ ನಿಂತರೆ ಸಾಕು, ಮುಂದಿನಿಂದ ಚೆನ್ನಾಗಿ ಕಂಡರೆ ಸಾಕು. ಹಿಂದಿನಿಂದ ಹೇಗಿದ್ದರೂ ಕ್ಯಾಮೆರಾ ಅಲ್ಲಿಗೆ ಹೋಗೋದಿಲ್ಲವಲ್ಲ!

ಸಿನಿಮಾ ಪತ್ರಿಕೆಯಲ್ಲಿ ಇದೆಲ್ಲಾ ಪೀಠಿಕೆ ಯಾಕಯ್ಯಾ ಅಂತೀರಾ? ಹಳೇ ಕಾರು ಇಟ್ಟುಕೊಂಡವರು ಎಲ್ಲಿ ಸಿಕ್ಕಿದರೂ ನನಗೆ ಕೇಳೋದು ಒಂದೇ ಪ್ರಶ್ನೆ. “ನಿಮ್ಮ ಹೆರಾಲ್ಡಿಗೆ ಫೈಬರ್ ಬಾನೆಟ್ ಹಾಕಿಸಿದ್ದೀರಂತೆ. ನಮ್ಮದಕ್ಕೂ ಹಾಕಿಸಬಹುದಾ? ಕಾರು ಹಗುರ ಆಗುತ್ತಂತಲ್ಲ?” ಒಬ್ಬೊಬ್ಬರಿಗೂ ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಒಂದೇ ಸಲ ಬರೆದುಬಿಡ್ತೀನಿ.

ಮೊದಲು ನಮ್ಮ ಕಥಾನಾಯಕಿಯ ಪರಿಚಯ. ಸ್ಟ್ಯಾಂಡರ್ಡ್ ಹೆರಾಲ್ಡ್. 1961ರಿಂದ ಹತ್ತು ವರ್ಷ ಮದರಾಸಿನಲ್ಲಿ ತಯಾರಾದ ಕಾರು. ಇಂಗ್ಲೆಂಡಿನಲ್ಲಿ ಇದೇ ಸುಂದರಿಯ ಹೆಸರು ಟ್ರಯಂಫ್ ಹೆರಾಲ್ಡ್, ಅಲ್ಲಿ ಬಿಡುಗಡೆ 1959. ರೂಪ ಬರೆದವನು ಇಟಲಿಯ ಮಿಕೆಲೊಟ್ಟಿ. ಎಂಜಿನ್ ಪುಟ್ಟದು, 948 ಸಿಸಿ. ಆದರೆ ತಿರುಗೋದರಲ್ಲಿ ನರ್ತಕಿ! 25 ಅಡಿ ಜಾಗ ಕೊಟ್ಟರೆ ಪೂರ್ತಿ ಒಂದು ಸುತ್ತು ಹಾಕಿ ನಿಲ್ಲುತ್ತೆ. ದೇವರಾಜ ಮಾರ್ಕೆಟ್ಟಿನ ಸುತ್ತಮುತ್ತ ನಾನು ರಿವರ್ಸ್ ಗೇರ್ ಹಾಕಿದ್ದು ಬಹಳ ಕಮ್ಮಿ.

ಇದರ ಬಾನೆಟ್ಟಿನದು ಇನ್ನೂ ದೊಡ್ಡ ವಿಶೇಷ. ಬೇರೆ ಕಾರಿನಲ್ಲಿ ಬಾನೆಟ್ ಅಂದರೆ ಒಂದು ಮುಚ್ಚಳ. ಹೆರಾಲ್ಡಿನಲ್ಲಿ ಹಾಗಲ್ಲ. ಎರಡೂ ಕಡೆಯ ಮಡ್‌ಗಾರ್ಡು, ದೀಪದ ಗೂಡು, ಮೂತಿ, ಮೇಲಿನ ಹೊದಿಕೆ, ಇಷ್ಟೂ ಸೇರಿ ಒಂದೇ ತುಂಡು. ಪಕ್ಕದ ಎರಡು ಕೊಕ್ಕೆ ಬಿಚ್ಚಿ ಎತ್ತಿದರೆ ಮೊಸಳೆ ಬಾಯಿ ತೆರೆದ ಹಾಗೆ ಇಡೀ ಮುಂಭಾಗ ಮುಂದಕ್ಕೆ ಮಗುಚಿಕೊಳ್ಳುತ್ತೆ. ಚಕ್ರದ ಮೇಲೇ ಕೂತು ಎಂಜಿನ್ ಕೆಲಸ ಮಾಡಬಹುದು!

ಇಂಥ ಬಿಡಿ ಬಿಡಿ ದೇಹ ಯಾಕೆ ಬಂತು ಅನ್ನೋದೇ ಒಂದು ಕಥೆ. ಈ ಕಂಪನಿಗೆ ಬಾಡಿ ಒತ್ತಿಕೊಡುತ್ತಿದ್ದ ಫಿಶರ್ ಅಂಡ್ ಲಡ್ಲೋ ಅನ್ನೋ ಕಾರ್ಖಾನೆಯನ್ನ 1953ರಲ್ಲಿ ಎದುರಾಳಿ ಬಿಎಂಸಿ ಕಂಪನಿ ಕೊಂಡುಕೊಂಡುಬಿಡ್ತು. ಇಡೀ ಬಾಡಿ ಒಂದೇ ಕಡೆ ಮಾಡಿಸೋ ದಾರಿ ಮುಚ್ಚಿತು. ಸರಿ, ಕೆಳಗೆ ಹಳೇ ಕಾಲದ ಹಾಗೆ ಪ್ರತ್ಯೇಕ ಚಾಸಿಸ್ ಇಟ್ಟರು, ಮೇಲೆ ಬೇರೆ ಬೇರೆ ಕಡೆ ಮಾಡಿಸಿದ ತುಂಡುಗಳನ್ನ ತಂದು ಬೋಲ್ಟು ಹಾಕಿ ಕೂರಿಸಿದರು. ಸೂರನ್ನೂ ಬೋಲ್ಟು ಬಿಚ್ಚಿ ತೆಗೆಯಬಹುದು! ಆವತ್ತಿನ ಪರದಾಟ ಇವತ್ತು ನನ್ನಂಥವನಿಗೆ ವರ. ಭಾರ ಹೊರೋದು ಚಾಸಿಸ್. ಬಾನೆಟ್ಟು ಬರೀ ಹೊದಿಕೆ. ತೆಗೆದು ಬೇರೆ ಹಾಕಿದರೆ ಕಾರಿನ ಬೆನ್ನುಮೂಳೆಗೆ ಏನೂ ಆಗೋದಿಲ್ಲ.

ಇದೇ ಮಾತನ್ನ ಪದ್ಮಿನಿ, ಅಂಬಾಸಿಡರ್ ಇಟ್ಟುಕೊಂಡವರು ತಮಗೂ ಅನ್ವಯಿಸಿಕೊಳ್ಳಬೇಡಿ! ಅವಕ್ಕೆ ಬೇರೆ ಚಾಸಿಸ್ ಇಲ್ಲ. ಬಾಡಿಯೇ ಬೆನ್ನುಮೂಳೆ. ಅಲ್ಲಿ ಬಾನೆಟ್ ಮುಚ್ಚಳ, ಡಿಕ್ಕಿ ಮುಚ್ಚಳ ಬದಲಾಯಿಸೋದು ಬೇರೆ ಮಾತು. ಸೂರು, ನೆಲ, ಬಾಗಿಲ ಕೆಳಗಿನ ಪಟ್ಟಿ ಕತ್ತರಿಸಿ ಫೈಬರ್ ಅಂಟಿಸೋದು ಅಂದರೆ ಮನೆಯ ತೊಲೆ ಕೊಯ್ದು ಅಲ್ಲಿ ಥರ್ಮೋಕೋಲ್ ಇಟ್ಟಂತೆ.

ಈಗ ನನ್ನ ಕಾರಿಗೆ ಬನ್ನಿ. ಮಳೆ ನೀರು, ಕೆಸರು ಎಲ್ಲಾ ಸೇರಿ ದೀಪದ ಗೂಡಿನ ಹಿಂಭಾಗ, ಚಕ್ರದ ಮೇಲಿನ ಅಂಚು ತುಕ್ಕು ತಿಂದು ಜಾಳಿಗೆ ಆಗಿತ್ತು. ಮೊದಲಿದ್ದ ಟಿಂಕರ್ ಮಹಾಶಯರು ಪುಟ್ಟಿ ಮೇಲೆ ಪುಟ್ಟಿ ಮೆತ್ತಿ ಮೇಕಪ್ ಮಾಡಿದ್ದರು. ಒಂದು ದಿನ ಬಾನೆಟ್ ಎತ್ತುವಾಗ ಅಂಗೈ ಅಗಲದ ಚಕ್ಕೆ ಕಿತ್ತು ಕಾಲ ಮೇಲೆ ಬಿತ್ತು ನೋಡಿ, ಒಳಗೆ ಏನೂ ಇಲ್ಲ, ಬರೀ ಗಾಳಿ! ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ, ಎಲ್ಲಾ ಸುತ್ತಿದೆ. ಹೆರಾಲ್ಡ್ ಬಾನೆಟ್ ಅಂದರೆ ಅಂಗಡಿಯವರು ನಗ್ತಾರೆ.

ಆಗ ರಂಗಪ್ರವೇಶ ಮಾಡಿದ್ದು ನಮ್ಮಕ್ಕನ ಮಗ. ಕಂಪ್ಯೂಟರ್ ಕೆಲಸ, ಕೈ ತುಂಬ ಸಂಬಳ, ತಲೆ ತುಂಬ ರೇಸು. “ಮಾಮ, ಬಾನೆಟ್ ಒಂದೇ ಯಾಕೆ? ಬಾಗಿಲು, ಡಿಕ್ಕಿ, ಸೂರು, ಎಲ್ಲಾ ಫೈಬರ್ ಮಾಡಿಸೋಣ. ದುಡ್ಡು ನಾನು ಕೊಡ್ತೀನಿ. ಚಾಮುಂಡಿ ಬೆಟ್ಟ ಟಾಪ್ ಗೇರಲ್ಲಿ ಹತ್ತಿಸಬಹುದು!” ಭಾನುವಾರ ಬಂದರೆ ಕಾರು ಅವನ ಕೈಲೇ ಇರೋದು. ಪಕ್ಕದಲ್ಲಿ ಅವನ ಹೆಂಡತಿ, ಹಿಂದೆ ಐದು ವರ್ಷದ ಮಗಳು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಹಗುರ ಹಗುರ ಅಂತೀವಲ್ಲ, ಎಷ್ಟು ಹಗುರ? ಒಂದು ರಾತ್ರಿ ಕೂತು ಲೆಕ್ಕ ಹಾಕಿದೆ. ನೀವೂ ಹಾಕಿ, ಏನೂ ಕಷ್ಟ ಇಲ್ಲ.

20 ಗೇಜಿನ ಉಕ್ಕಿನ ತಗಡು, ಅಂದರೆ ಸುಮಾರು 0.9 ಮಿಲಿಮೀಟರ್ ದಪ್ಪ. ಒಂದು ಚದರ ಮೀಟರಿಗೆ 7 ಕಿಲೋ ತೂಗುತ್ತೆ. ಫೈಬರಿನಲ್ಲಿ ಗಾಜಿನ ಮ್ಯಾಟ್ ಬರುತ್ತಲ್ಲ, ಸಾಮಾನ್ಯವಾಗಿ ಉಪಯೋಗಿಸೋದು ಚದರ ಮೀಟರಿಗೆ 450 ಗ್ರಾಂನದು. ಅದು ತನ್ನ ಎರಡೂವರೆ ಪಟ್ಟು ರೆಸಿನ್ ಕುಡಿಯುತ್ತೆ, ಕುಡುಕರಲ್ಲಿ ಕುಡುಕ! ಹಾಗಾಗಿ ಒಂದು ಪದರ ಒಂದೂವರೆ ಕಿಲೋ ದಾಟಿತು. ಹೊರಮೈಯ ನುಣುಪಿಗೆ ಬಳಿಯೋ ಜೆಲ್‌ಕೋಟು ಅರ್ಧ ಕಿಲೋ. ಮೂರು ಪದರ ಹಾಕಿದರೆ ಐದು ಕಿಲೋ ಮೇಲಾಯ್ತು. ನಾಲ್ಕು ಪದರಕ್ಕೆ ಹೆಚ್ಚುಕಮ್ಮಿ ತಗಡಿನಷ್ಟೇ ತೂಕ. ಐದು ಹಾಕಿದರೆ? ಎಂಟು ಕಿಲೋ ದಾಟುತ್ತೆ. ತಗಡಿಗಿಂತ ಭಾರ!

ನೋಡಿದಿರಾ? ‘ಗಟ್ಟಿಯಾಗಿರಲಿ ಸಾರ್’ ಅಂತ ಪದರದ ಮೇಲೆ ಪದರ ಮೆತ್ತಿದ ಫೈಬರ್ ಬಾನೆಟ್ಟಿಗೆ ದುಡ್ಡು ಕೊಟ್ಟವನು ಕಾರನ್ನ ಭಾರ ಮಾಡಿಕೊಂಡು ಹೋಗ್ತಾನೆ, ಹಗುರ ಆಯ್ತು ಅಂತ ಊರೆಲ್ಲಾ ಹೇಳ್ತಾನೆ. ಸರಿಯಾದ ಕೆಲಸ ಅಂದರೆ ಮಧ್ಯದಲ್ಲಿ ಎರಡೇ ಪದರ. ಅಂಚಿಗೆ, ಕೀಲಿನ ಜಾಗಕ್ಕೆ ನಾಲ್ಕು. ಒಳಗಡೆ ಪಕ್ಕೆಲುಬಿನ ಹಾಗೆ ಉಬ್ಬು ಪಟ್ಟಿಗಳು. ಗಟ್ಟಿತನ ಬರೋದು ಆ ಉಬ್ಬಿನಿಂದ.

ಅಲ್ಯೂಮಿನಿಯಂ ಯಾಕಾಗಬಾರದು? ಆಗಬಹುದು. 1.2 ಮಿಲಿಮೀಟರ್ ಹಾಳೆ ಚದರ ಮೀಟರಿಗೆ ಮೂರೂಕಾಲು ಕಿಲೋ ಅಷ್ಟೇ. 1948ರಲ್ಲಿ ಲ್ಯಾಂಡ್‌ರೋವರಿಗೆ ಅದನ್ನೇ ಹೊದಿಸಿದರು. ಯುದ್ಧ ಮುಗಿದ ಹೊಸದು, ಉಕ್ಕಿಗೆ ರೇಷನ್ ಇತ್ತು. ಆದರೆ ಲ್ಯಾಂಡ್‌ರೋವರ್ ಮೈ ನೋಡಿ, ಪೆಟ್ಟಿಗೆ ಥರ ಚಪ್ಪಟೆ. ಹೆರಾಲ್ಡಿನ ಮೂತಿ ಹಾಗಲ್ಲ, ಎಲ್ಲೆಲ್ಲೂ ಬಳುಕು. ಆ ಬಳುಕನ್ನ ಅಲ್ಯೂಮಿನಿಯಂನಲ್ಲಿ ಬಡಿದು ತೆಗೆಯೋ ಕೈ ಈಗ ಎಲ್ಲಿದೆ ಹೇಳಿ? ಇದ್ದರೂ ಕೂಲಿ ಕೇಳಿದರೆ ಕಾರೇ ಮಾರಬೇಕು. ಇನ್ನೊಂದು ತೊಡಕು. ಅಲ್ಯೂಮಿನಿಯಂ ಮತ್ತು ಉಕ್ಕು ನೇರ ತಾಗಿ ಅದರ ಮೇಲೆ ಉಪ್ಪುನೀರು ಬಿದ್ದರೆ ಅಲ್ಯೂಮಿನಿಯಂ ಬೂದಿ ಬೂದಿಯಾಗಿ ಸವೆಯುತ್ತೆ. ನಡುವೆ ರಬ್ಬರೋ ನೈಲಾನ್ ವಾಷರೋ ಬೇಕೇ ಬೇಕು. ಮಂಗಳೂರು, ಕಾರವಾರದ ಕಡೆಯವರು ಇದನ್ನ ಮರೆಯಬೇಡಿ.

ಕಾರ್ಬನ್ ಫೈಬರಿನ ವಿಷಯ ನಾನು ಮಾತಾಡೋದಿಲ್ಲ. ಹಗುರ, ಗಟ್ಟಿ, ಎಲ್ಲಾ ನಿಜ. ಅರವತ್ತರ ದಶಕದ ಕಾರಿಗೆ ಆ ಕಪ್ಪು ಚೌಕುಳಿ ಹಾಕೋದು ಅಜ್ಜಿಗೆ ಜೀನ್ಸ್ ತೊಡಿಸಿದ ಹಾಗೆ. ನನ್ನ ಅಭಿಪ್ರಾಯ ಇದು, ಹಾಕೋರು ಹಾಕಲಿ ಬಿಡಿ.

ಫೈಬರ್ ಅಂದ ಕೂಡಲೇ ‘ಅಯ್ಯೋ ಡೂಪ್ಲಿಕೇಟ್’ ಅಂತ ಮೂಗು ಮುರಿಯೋರಿಗೆ ಒಂದು ಮಾತು. ಅಮೆರಿಕದ ಷೆವರ್ಲೆ ಕಾರ್ವೆಟ್ 1953ರಲ್ಲಿ ಬಂದದ್ದೇ ಫೈಬರ್ ಮೈಯಲ್ಲಿ. ಪೂರ್ವ ಜರ್ಮನಿಯ ಟ್ರಬಾಂಟ್ ಅನ್ನೋ ಬಡವರ ಕಾರಿಗೆ ಹತ್ತಿಯ ನಾರು, ರೆಸಿನ್ ಕಲಸಿ ಒತ್ತಿದ ಹೊದಿಕೆ. ಅಷ್ಟು ದೂರ ಯಾಕೆ, ನಮ್ಮ ಬೆಂಗಳೂರಲ್ಲೇ ಸಿಪಾನಿ ಕಂಪನಿ ಫೈಬರ್ ಕಾರು ಮಾಡ್ತಿರಲಿಲ್ಲವೇ? ಎಪ್ಪತ್ತರ ದಶಕದಲ್ಲಿ ಮೂರು ಚಕ್ರದ ಬಾದಲ್. ಎಂಬತ್ತರ ದಶಕದಲ್ಲಿ ಇಂಗ್ಲೆಂಡಿನ ರಿಲಯಂಟ್ ಕಿಟನ್ ಅನ್ನೋ ಕಾರಿನ ಅಚ್ಚಿನಿಂದ ಡಾಲ್ಫಿನ್, 848 ಸಿಸಿ. ಹಗುರ ಮೈ ಅಂತ ರೇಸ್ ಹುಡುಗರಿಗೆ ಡಾಲ್ಫಿನ್ ಅಂದರೆ ಪ್ರಾಣ. 1983ರ ಡಿಸೆಂಬರಿನಲ್ಲಿ ಮಾರುತಿ ಬಂತು, ಪಾಪ ಡಾಲ್ಫಿನ್ ಈಜೋದು ನಿಂತಿತು. ಅದರಲ್ಲಿ ಕೂಡ ಕೆಳಗೆ ಉಕ್ಕಿನ ಚಾಸಿಸ್ ಇತ್ತು ಅನ್ನೋದನ್ನ ಗಮನಿಸಿ.

ಸರಿ, ಫೈಬರ್ ಅಂತ ತೀರ್ಮಾನ ಆಯ್ತು. ಆರಿಸೋದು ಹೇಗೆ? ಇದೇ ಮುಖ್ಯ ದೃಶ್ಯ, ಸ್ವಲ್ಪ ನಿಧಾನವಾಗಿ ಓದಿ.

ಒಂದು ದೊಡ್ಡ ಊರಿನ ಅಂಗಡಿಯವರು ಹೆರಾಲ್ಡ್ ಬಾನೆಟ್ ರೆಡಿ ಇದೆ ಅಂದರು. ಸೋದರಳಿಯನೂ ನಾನೂ ಹೋದೆವು. ಗೋಡೆಗೆ ಒರಗಿಸಿದ್ದರು. ಆಹಾ! ಕೆಂಪು ಬಣ್ಣ, ಕನ್ನಡಿ ಹೊಳಪು, ಮುಖ ನೋಡಿಕೊಂಡು ತಲೆ ಬಾಚಬಹುದು. ಹುಡುಗ ಪರ್ಸ್ ತೆಗೆದೇಬಿಟ್ಟ. “ಇರಪ್ಪಾ, ಮೊದಲು ಇದನ್ನ ಬೋರಲು ಹಾಕು” ಅಂದೆ. ಅಂಗಡಿಯವರ ಮುಖ ಸ್ವಲ್ಪ ಬಾಡಿತು.

ಮಗುಚಿ ನೋಡಿದರೆ ಒಳಗಡೆ ಬಿಳಿ ಬಿಳಿ ಎಳೆ, ರೆಸಿನ್ ಕುಡಿಯದ ಒಣ ಮ್ಯಾಟು. ನಾಣ್ಯ ತೆಗೆದು ಟಕಟಕ ತಟ್ಟುತ್ತಾ ಹೋದೆ. ಒಳ್ಳೇ ಜಾಗದಲ್ಲಿ ಗಟ್ಟಿ ಸದ್ದು, ಒಳಗೆ ಗಾಳಿಗುಳ್ಳೆ ಇರೋ ಕಡೆ ಬೊದ್ದು ಸದ್ದು, ಹಲಸಿನ ಹಣ್ಣು ತಟ್ಟಿ ನೋಡ್ತೀವಲ್ಲ ಹಾಗೆ. ದೀಪದ ಗೂಡಿನ ಸುತ್ತ ಎಲ್ಲಾ ಬೊದ್ದು. ಬಿಸಿಲಿಗೆ ಎತ್ತಿ ಹಿಡಿಸಿದೆ. ಒಂದು ಕಡೆ ಕತ್ತಲು, ಒಂದು ಕಡೆ ಬೆಳಕು ಸೋರುತ್ತಿದೆ, ಅಂದರೆ ಪದರ ಸಮ ಇಲ್ಲ. ಮೂಗು ಹತ್ತಿರ ತಂದರೆ ಘಾಟು. ಮಾಡಿ ಬಹಳ ದಿನ ಆದ ಫೈಬರ್ ಹಾಗೆ ನಾರಬಾರದು, ಒಳಗೆ ಪೂರ್ತಿ ಹದ ಆಗಿಲ್ಲ ಅಂತ ಅರ್ಥ. ಕೀಲು ಕೂರೋ ಜಾಗದಲ್ಲಿ ಉಕ್ಕಿನ ಪಟ್ಟಿಯೇ ಇಲ್ಲ, ಬರೀ ಫೈಬರಿಗೆ ಸ್ಕ್ರೂ ತಿರುಗಿಸಿಕೊಳ್ಳಿ ಅಂತಾರೆ! ನೂರು ಸಲ ಎತ್ತಿ ಇಳಿಸಿದರೆ ಸ್ಕ್ರೂ ಕೈಗೆ ಬರುತ್ತೆ. ಹೆದ್ದಾರೀಲಿ ಗಾಳಿಗೆ ಎದ್ದರೆ? ಇಡೀ ಬಾನೆಟ್ಟು ಮುಂದಕ್ಕೆ ಮಗುಚೋ ಕಾರು ಸ್ವಾಮಿ ಇದು!

ಅಪ್ಪಟ ಸೆಟ್ ಫೈಬರ್. ಮುಂದಿನಿಂದ ಮಹಾರಾಣಿ, ಹಿಂದಿನಿಂದ ಮಾರಮ್ಮ. ನಮಸ್ಕಾರ ಹೇಳಿ ಹೊರಟೆವು. ಅಳಿಯ ಊರು ಬರೋವರೆಗೂ ಮಾತಾಡಲಿಲ್ಲ.

ಆಮೇಲೆ ನೆನಪಾದವರು ನಮ್ಮ ಹಳೇ ಅಚ್ಚು ಮೇಸ್ತ್ರಿಗಳು. ಒಂದು ಕಾಲದಲ್ಲಿ ನನ್ನ ಜೊತೆ ಸೆಟ್ಟಿಗೆ ಆನೆ, ನಂದಿ, ದ್ವಾರಪಾಲಕರನ್ನ ಮಾಡಿಕೊಟ್ಟವರು. ಈಗ ಮೈಸೂರಿನ ಹೊರವಲಯದಲ್ಲಿ ಒಂದು ಶೆಡ್ ಹಾಕಿಕೊಂಡು ಪಾರ್ಕುಗಳಿಗೆ ಜಿರಾಫೆ, ಜಾರುಬಂಡೆ ಮಾಡ್ತಾರೆ. ವಿಷಯ ಹೇಳಿದೆ. ಬೀಡಿ ಹಚ್ಚಲು ಹೋಗಿ, ಶೆಡ್ಡಿನಲ್ಲಿದ್ದೀನಿ ಅಂತ ನೆನಪಾಗಿ ಕಿವಿಗೆ ಸಿಕ್ಕಿಸಿಕೊಂಡರು. “ಸಾ, ಜಿರಾಫೆ ಕತ್ತು ಅರ್ಧ ಇಂಚು ಸೊಟ್ಟ ಆದ್ರೆ ಯಾರೂ ಕೇಳಾಕಿಲ್ಲ. ಇದು ಬಾಗ್ಲು ಸಂದಿಗೆ ಕೂರ್ಬೇಕು. ಒಂದು ಒಳ್ಳೆ ಬಾನೆಟ್ ತಂದ್ಕೊಡಿ, ಅದ್ರ ಮೇಲೆ ಅಚ್ಚು ತೆಗೀತೀನಿ. ನಿಮ್ದು ಬ್ಯಾಡ, ನಿಮ್ದು ಬಾಡೋಗೈತೆ.”

ಇನ್ನೊಬ್ಬ ಹೆರಾಲ್ಡ್ ಪ್ರೇಮಿ ತಮ್ಮ ಕಾರಿನ ಬಾನೆಟ್ಟನ್ನ ನಾಲ್ಕು ದಿನಕ್ಕೆ ಬಿಚ್ಚಿ ಕೊಟ್ಟರು. ಹೆಂಡತಿಯ ಒಡವೆ ಕೊಟ್ಟ ಹಾಗೆ ಕೊಟ್ಟರು, ದಿನಕ್ಕೆ ಎರಡು ಸಲ ಫೋನು! ಅದಕ್ಕೆ ಮೇಣ ತಿಕ್ಕಿ ತಿಕ್ಕಿ, ಅದರ ಮೇಲೆ ಅಚ್ಚು ತೆಗೆದು, ಆ ಅಚ್ಚಿನೊಳಗೆ ಮತ್ತೆ ಮೇಣ, ಜೆಲ್‌ಕೋಟು, ಮ್ಯಾಟು, ರೆಸಿನ್. ಪ್ರತಿ ಪದರದ ಮೇಲೂ ಹಲ್ಲಿನ ರೋಲರ್ ಓಡಿಸಿ ಗಾಳಿಗುಳ್ಳೆ ಹೊರಗೆ ತಳ್ಳಬೇಕು. ಬೇಸರದ ಕೆಲಸ, ಆದರೆ ಗುಣ ಇರೋದೆಲ್ಲಾ ಅಲ್ಲೇ.

ಸೆಟ್ಟಿನಲ್ಲಿ ನಾವು ಏನು ಮಾಡ್ತಿದ್ವಿ? ನಿರ್ದೇಶಕರು ‘ಸಂಜೆಗೆ ಬೇಕು’ ಅಂದರೆ ಹಾರ್ಡನರ್ ಜಾಸ್ತಿ ಸುರಿಯೋದು. ಅರ್ಧ ಗಂಟೇಲಿ ಕಲ್ಲು. ಆದರೆ ಆ ಬಿಸಿಗೆ ಒಳಗೆ ಸಣ್ಣ ಬಿರುಕು, ಮೈ ಸೊಟ್ಟ, ಗಾಜಿನ ಹಾಗೆ ಪೆಡಸು. ಕಾರಿಗೆ ಅದು ನಡೆಯೋದಿಲ್ಲ. ಅಳತೆ ಪ್ರಕಾರ ಹಾರ್ಡನರ್, ಅಚ್ಚಿನಲ್ಲೇ ನಾಲ್ಕಾರು ದಿನ ನಿದ್ದೆ. ಮಳೆಗಾಲ ಆದ್ದರಿಂದ ಮೇಸ್ತ್ರಿ ಒಂದು ವಾರ ಕೆಲಸ ಮುಟ್ಟಲೇ ಇಲ್ಲ. ಮ್ಯಾಟಿಗೆ ತೇವ ತಾಗಿದರೆ ರೆಸಿನ್ ಸರಿಯಾಗಿ ಹಿಡಿಯೋದಿಲ್ಲ. ಅಳಿಯ ಚಡಪಡಿಸಿದ. ಮೇಸ್ತ್ರಿ ಅವನಿಗೆ ಒಂದು ಜಿರಾಫೆ ತೋರಿಸಿ, “ಇದುಕ್ಕೆ ಬಣ್ಣ ಒಡೀತಾ ಕೂತ್ಕೋ ಮಗಾ” ಅಂತ ಬ್ರಷ್ ಕೊಟ್ಟರು!

ಒಂದು ವಿಷಯದಲ್ಲಿ ನಾನು ಹಟ ಹಿಡಿದೆ. ರೆಸಿನ್ ಬೆಂಕಿ ತಡೆಯೋ ಜಾತಿಯದೇ ಆಗಬೇಕು. ಸಾಧಾರಣ ಪಾಲಿಯೆಸ್ಟರ್ ರೆಸಿನ್ ಒಮ್ಮೆ ಹೊತ್ತಿಕೊಂಡರೆ ಕರೀ ಹೊಗೆ ಕಾರುತ್ತಾ ಉರಿಯುತ್ತೆ. ಹೆರಾಲ್ಡ್ ಎಂಜಿನ್ನಿನಲ್ಲಿ ಪೆಟ್ರೋಲಿನ ಕಾರ್ಬೊರೇಟರ್ ಒಂದು, ಕೆಂಡದಂಥ ಎಕ್ಸಾಸ್ಟ್ ಒಂದು, ಎರಡೂ ಒಂದೇ ಪಕ್ಕದಲ್ಲಿ ಕೂತಿವೆ. ಹಳೇ ರಬ್ಬರ್ ಪೈಪಿನಿಂದ ಒಂದು ಹನಿ ಜಿನುಗಿದರೆ ಸಾಕು. ಮೇಸ್ತ್ರಿ, “ಅದು ರೇಟ್ ಜಾಸ್ತಿ ಸಾ” ಅಂದರು. ನಾನು ಒಂದೇ ಮಾತು ಹೇಳಿದೆ, “ಪ್ರೀಮಿಯರ್ ಸ್ಟುಡಿಯೋ.” ಅವರು ಮತ್ತೆ ಮಾತಾಡಲಿಲ್ಲ.

ಮೈಸೂರಿನವರಿಗೆ ಹೇಳಬೇಕಾಗಿಲ್ಲ. 1989ರ ಫೆಬ್ರವರಿ 8, ‘ಟಿಪ್ಪು ಸುಲ್ತಾನ್’ ಟಿವಿ ಧಾರಾವಾಹಿಯ ಚಿತ್ರೀಕರಣ. ಸೆಟ್ಟಿಗೆ ಬೆಂಕಿ ಬಿತ್ತು. 60ಕ್ಕೂ ಹೆಚ್ಚು ಜನ ಸತ್ತರು. ನಾನು ಆ ದಿನ ಅಲ್ಲಿರಲಿಲ್ಲ. ಆದರೆ ನಮ್ಮ ಕಸುಬಿನವರು ಅದರ ನಂತರ ಯಾವ ವಸ್ತು ಮುಟ್ಟಿದರೂ ಮೊದಲು ಕೇಳೋದು ಒಂದೇ. ಇದು ಹೊತ್ತಿಕೊಳ್ಳುತ್ತಾ? ಹೊತ್ತಿಕೊಂಡರೆ ಓಡೋಕೆ ಎಷ್ಟು ಹೊತ್ತು ಸಿಗುತ್ತೆ? ರೆಸಿನ್ನಿಗೆ ಹೆಚ್ಚು ಕೊಟ್ಟ ದುಡ್ಡು ಎಷ್ಟು ಅಂತ ನಾನು ಬರೆದಿಟ್ಟಿಲ್ಲ.

ಬಾನೆಟ್ ಆಯ್ತು, ಡಿಕ್ಕಿ ಮುಚ್ಚಳ ಆಯ್ತು. ಈಗ ಬಂತು ನೋಡಿ ಫೈಟಿಂಗ್! ಅಳಿಯನಿಗೆ ಬಾಗಿಲೂ ಬೇಕು. “ಮಾಮ, ಬಾಗಿಲಲ್ಲೇ ಜಾಸ್ತಿ ತೂಕ ಇರೋದು. ಅದನ್ನ ಬಿಟ್ಟು ಉಳಿದದ್ದು ಮಾಡಿ ಏನು ಪ್ರಯೋಜನ?”

ತೂಕ ಇರೋದು ನಿಜ. ಯಾಕೆ ಇದೆ? ಬಾಗಿಲು ಅಂದರೆ ಬರೀ ತಗಡಲ್ಲ. ಕೀಲು, ಬೀಗ, ಗಾಜು, ಗಾಜು ಏರಿಸೋ ಯಂತ್ರ, ಇಷ್ಟನ್ನೂ ಹೊತ್ತು ದಿನಕ್ಕೆ ಹತ್ತು ಸಲ ಧಡಾರ್ ಅಂತ ಬಡಿಸಿಕೊಳ್ಳುತ್ತೆ. ಫೈಬರಿನಲ್ಲಿ ಮಾಡಿದರೂ ಒಳಗೆ ಉಕ್ಕಿನ ಚೌಕಟ್ಟು ಇಡಲೇಬೇಕು. ಇಟ್ಟಮೇಲೆ ಉಳಿತಾಯ ಎಷ್ಟು? ಬರೀ ರೇಸಿಗೆ ಓಡಿಸೋರು ಗಾಜೂ ತೆಗೆದು, ಯಂತ್ರವೂ ತೆಗೆದು, ಒಳಗೆ ಉಕ್ಕಿನ ಪೈಪಿನ ಪಂಜರ ಕಟ್ಟಿಕೊಂಡು, ಹೆಲ್ಮೆಟ್ ಹಾಕಿಕೊಂಡು ಕೂರ್ತಾರೆ. ಅವರಿಗೆ ಫೈಬರ್ ಬಾಗಿಲು ಸರಿ. ರಕ್ಷಣೆಗೆ ಪಂಜರ ಇದೆ.

ನಮ್ಮ ಕಾರಿನಲ್ಲಿ ಏನಿದೆ? ಹೆರಾಲ್ಡಿನ ಬಾಗಿಲೊಳಗೆ ಈಗಿನ ಕಾರುಗಳಲ್ಲಿರೋ ಅಡ್ಡಪಟ್ಟಿ ಇಲ್ಲ. ಬಾಗಿಲ ಕೆಳಗಿನ ಪಟ್ಟಿಯೂ ಬೋಲ್ಟಿನ ಅಲಂಕಾರ ಅಷ್ಟೇ. ಪಕ್ಕದಿಂದ ಒಂದು ಟೆಂಪೋ ಬಂದು ಗುದ್ದಿದರೆ ಕೂತವರ ಮೊಣಕೈಗೂ ಆ ಟೆಂಪೋಗೂ ನಡುವೆ ಇರೋದು ಈ ಬಾಗಿಲಿನ ತಗಡು ಒಂದೇ. ತಗಡು ಬಾಗುತ್ತೆ, ನುಗ್ಗಾಗುತ್ತೆ, ಆದರೆ ಕೀಲಿಗೆ ಅಂಟಿಕೊಂಡೇ ಇರುತ್ತೆ. ಬಾಗೋವಾಗ ಪೆಟ್ಟಿನ ಸ್ವಲ್ಪ ಭಾಗ ತಾನು ತಿನ್ನುತ್ತೆ. ಫೈಬರ್ ಬಾಗೋದಿಲ್ಲ, ಸಿಡಿಯುತ್ತೆ. ಕೀಲು, ಬೀಗ ಕಿತ್ತು ಬರುತ್ತೆ. ಒಡೆದ ಅಂಚು ಗರಗಸ.

ಇಷ್ಟೆಲ್ಲಾ ಹೇಳಿದೆ. ಹುಡುಗ ಮೊಬೈಲಿನಲ್ಲಿ ಯಾವುದೋ ವಿಲಾಯತಿ ಕಾರಿನ ಚಿತ್ರ ತೋರಿಸಿ, “ಇವರೆಲ್ಲಾ ಹಾಕ್ಕೊಂಡಿಲ್ವಾ?” ಅಂದ. ನನಗೂ ಸಿಟ್ಟು ಬಂತು. “ಸಾಹಸ ದೃಶ್ಯದಲ್ಲಿ ಹೀರೋ ಒದ್ದು ಮುರಿಯೋ ಬಾಗಿಲು ಬೇಕಾದಷ್ಟು ಮಾಡಿದ್ದೀನಿ ಕಣೋ. ಮುರಿಯೋಕೆ ಅಂತಲೇ ಮಾಡಿದ್ದೀನಿ. ಅದರ ಆಚೆ ಕಡೆ ಡೂಪ್ ಬೀಳೋಕೆ ಹಾಸಿಗೆ ಹಾಕಿರ್ತೀವಿ. ನಿನ್ನ ಮಗಳ ಪಕ್ಕ ಏನು ಹಾಕ್ತೀಯ?”

ಮಾತು ಸ್ವಲ್ಪ ಜೋರಾಯ್ತು. ಅಡಿಗೆಮನೆಯಿಂದ ಅವನ ಹೆಂಡತಿ ಕೈ ಒರೆಸಿಕೊಳ್ಳುತ್ತಾ ಬಂದಳು. ಜಗಳ ಬಿಡಿಸ್ತಾಳೆ ಅಂದುಕೊಂಡರೆ ಆ ಹುಡುಗಿ ಕೇಳಿದ್ದು, “ಮಾಮ, ಈಗಿರೋ ಬಾಗಿಲಿಗೆ ಒಳಗಡೆ ತುಕ್ಕು ಇದೆಯಾ?” ನೋಡಿ, ನಾವು ಇಬ್ಬರು ಗಂಡಸರು ಒಂದು ಗಂಟೆಯಿಂದ ಕೂಗಾಡ್ತಿದ್ದೀವಿ, ಆ ಪ್ರಶ್ನೆ ಇಬ್ಬರಿಗೂ ಹೊಳೆದಿರಲಿಲ್ಲ! ಅವತ್ತೇ ಬಾಗಿಲಿನ ಒಳ ಹಲಗೆ ಬಿಚ್ಚಿದೆವು. ಚಾಲಕನ ಕಡೆಯದು ಗಟ್ಟಿ. ಎಡಗಡೆಯದು, ಅವಳು ಕೂರೋ ಕಡೆಯದು, ತಳದಲ್ಲಿ ಬೆರಳು ತೂರೋ ಹಾಗೆ ಕೊಳೆತಿತ್ತು. ನೀರು ಇಳಿದು ಹೋಗೋ ತೂತು ಮಣ್ಣು ಕಟ್ಟಿ ಮುಚ್ಚಿಹೋಗಿತ್ತು. ಹೊಸ 20 ಗೇಜ್ ತಗಡು ಬಗ್ಗಿಸಿ ವೆಲ್ಡ್ ಮಾಡಿಸಿ, ತುಕ್ಕು ತಡೆಯೋ ಬಣ್ಣ ಒಳಗೆಲ್ಲಾ ಸುರಿಸಿದೆ. ತೂಕ ಒಂದಿಷ್ಟು ಜಾಸ್ತಿಯೇ ಆಯ್ತು. ದುಡ್ಡು ಅಳಿಯನೇ ಕೊಟ್ಟ, ತುಟಿ ಬಿಚ್ಚದೆ.

ಫೈಬರ್ ಬಾನೆಟ್ ಕೂರಿಸಿದ ಮೇಲೆ ಮಾಡಲೇಬೇಕಾದ ಕೆಲಸ ಕೆಲವು ಉಂಟು, ಅಂಗಡಿಯವರು ಹೇಳೋದಿಲ್ಲ. ಫೈಬರಿನಲ್ಲಿ ಕರೆಂಟು ಹರಿಯೋದಿಲ್ಲ. ಹಳೇ ತಗಡಿನಲ್ಲಿ ಬಾಡಿಯೇ ಅರ್ತ್. ಈಗ ಪ್ರತಿ ದೀಪಕ್ಕೂ ಒಂದೊಂದು ಕಪ್ಪು ವೈರು ಎಳೆದು ಚಾಸಿಸ್ಸಿಗೆ ಕಟ್ಟಬೇಕು. ಇಲ್ಲದಿದ್ದರೆ ಎಡಗಡೆ ಇಂಡಿಕೇಟರ್ ಹಾಕಿದರೆ ದೀಪಗಳೆಲ್ಲಾ ಕಣ್ಣು ಮಿಟುಕಿಸ್ತವೆ. ಮೂತಿ ಹಗುರ ಆದ ಕಾರಣ ಮುಂದಿನ ಸ್ಪ್ರಿಂಗು ಒಂದು ಚೂರು ಏಳುತ್ತೆ, ದೀಪದ ಬೆಳಕು ಎದುರಿನವರ ಕಣ್ಣಿಗೆ ಹೊಡೆಯುತ್ತೆ. ಗೋಡೆ ಮುಂದೆ ನಿಲ್ಲಿಸಿ ಇಳಿಸಿಕೊಳ್ಳಿ. ಎಕ್ಸಾಸ್ಟ್ ಮೇಲ್ಗಡೆ ಬಾನೆಟ್ಟಿನ ಒಳಮೈಗೆ ಬಿಸಿ ತಡೆಯೋ ಬೆಳ್ಳಿ ಹಾಳೆ ಬೇಕು. ಹಳೇ ಕೊಕ್ಕೆಗಳನ್ನ ನಂಬಿಕೊಂಡಿರಬೇಡಿ, ಹಿಂದೆ ಉಕ್ಕಿನ ಪಟ್ಟಿ ಕೊಟ್ಟು ಹೊಸದು ಹಾಕಿಸಿ. ಹಗುರ ಬಾನೆಟ್ಟು ಗಾಳಿಗೆ ಪಟಪಟ ಅನ್ನುತ್ತೆ, ಕೂರೋ ಅಂಚಿಗೆ ಉದ್ದಕ್ಕೂ ರಬ್ಬರ್ ಬೇಕು. ಬಣ್ಣಕ್ಕೆ ಆತುರ ಬೇಡವೇ ಬೇಡ. ಫೈಬರ್ ಬಿಸಿಲಿನಲ್ಲಿ ಒಂದಷ್ಟು ವಾರ ಇದ್ದು ಹದ ಆದಮೇಲೆ ಬಣ್ಣ ಹಾಕಿದರೆ ಒಳಗಿನ ಎಳೆ ಮೇಲೆ ಮೂಡೋದಿಲ್ಲ. ನನ್ನ ಕಾರು ಎರಡು ತಿಂಗಳು ಬೂದು ಮೂತಿ ಹೊತ್ತು ತಿರುಗಿತು. ಮಕ್ಕಳೆಲ್ಲಾ ಮುಖವಾಡದ ಕಾರು ಅಂತ ಕರೀತಿದ್ದರು.

ಕಾನೂನು? ಅದೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರೋ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬದಲಾಗೋ ಹಾಗೆ ಗಾಡಿ ಮಾರ್ಪಡಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನ ಖಡಾಖಂಡಿತ ಹೇಳಿದೆ. ಆದ್ದರಿಂದ ಆಕಾರ, ಬಣ್ಣ ಮೊದಲಿನ ಹಾಗೇ ಇರಲಿ, ಕೈ ಹಾಕೋ ಮುಂಚೆ ಆರ್‌ಟಿಓ ಕಚೇರಿಯಲ್ಲಿ ಕೇಳಿಕೊಳ್ಳಿ. 50 ವರ್ಷ ದಾಟಿದ ಗಾಡಿಗೆ 2021ರ ನಿಯಮದಲ್ಲಿ ವಿಂಟೇಜ್ ನೋಂದಣಿ ಉಂಟು, ‘ವಿಎ’ ಅಕ್ಷರದ ನಂಬರು. ಅದಕ್ಕೆ ಕಾರು ಮೂಲರೂಪದಲ್ಲೇ ಇರಬೇಕು, ಚಾಸಿಸ್, ಬಾಡಿ, ಎಂಜಿನ್ ಮಾರ್ಪಾಟು ಆಗಿರಬಾರದು. ಆ ಆಸೆ ಇರೋರು ಹಳೇ ತಗಡನ್ನ ಗುಜರಿಗೆ ಹಾಕಲೇಬೇಡಿ. ನನ್ನ ಹಳೇ ಬಾನೆಟ್ಟು ಮೇಸ್ತ್ರಿ ಶೆಡ್ಡಿನ ಅಟ್ಟದ ಮೇಲೆ ಗೋಣಿಚೀಲ ಹೊದ್ದು ಮಲಗಿದೆ. ತುಕ್ಕು ಕತ್ತರಿಸಿ ತುಂಡು ತುಂಡಾಗಿ ಹೊಸ ತಗಡು ಕೂರಿಸೋ ಕೆಲಸ ತಿಂಗಳಿಗೆ ಒಂದಿಷ್ಟು ನಡೀತಿದೆ.

ಕೊನೆಗೆ ಉಳಿತಾಯ ಎಷ್ಟಾಯ್ತು ಅಂತ ಕೇಳ್ತೀರಿ. ಬಾನೆಟ್ಟು, ಡಿಕ್ಕಿ ಮುಚ್ಚಳ ಎರಡೂ ಸೇರಿ, ಹಳೇದು ಹೊಸದು ಗುಜರಿ ಕಾಟಾದಲ್ಲಿ ತೂಗಿ ನೋಡಿದೆ. 12 ಕಿಲೋ. ಅದರಲ್ಲಿ ಮೂರು ಕಿಲೋ ಹಳೇ ಪುಟ್ಟಿಯದೇ ಇದ್ದೀತು. ಸುಮಾರು 800 ಕಿಲೋ ಕಾರಿನಲ್ಲಿ 12 ಕಿಲೋ! ಚಾಮುಂಡಿ ಬೆಟ್ಟ ಮೊದಲು ಯಾವ ಗೇರಿನಲ್ಲಿ ಹತ್ತುತ್ತಿತ್ತೋ ಈಗಲೂ ಅದೇ ಗೇರು. ತುಕ್ಕು ಹಿಡಿಯದ ಮೂತಿ ಬಂತು, ಈ ವಯಸ್ಸಿನಲ್ಲಿ ಒಂದೇ ಕೈಲಿ ಬಾನೆಟ್ ಎತ್ತಬಲ್ಲೆ, ನನಗೆ ಅಷ್ಟು ಸಾಕು.

ಹೋದ ತಿಂಗಳು ಅಳಿಯ ಕಾರು ತೆಗೆದುಕೊಂಡು ಹೋದವನು ವಾಪಸ್ ತಂದಾಗ ಡಿಕ್ಕಿಯೊಳಗೆ ಎರಡು ದೊಡ್ಡ ಸ್ಪೀಕರು, ಒಂದು ಆಂಪ್ಲಿಫೈಯರು. ಹಳೇ ಚಿತ್ರಗೀತೆ ಕೇಳೋಕಂತೆ. ಅವನು ಕಾಫಿ ಕುಡಿಯೋ ಹೊತ್ತಿನಲ್ಲಿ ಸುಮ್ಮನೆ ಬಿಚ್ಚಿ ಕಾಟಾಕ್ಕೆ ಹಾಕಿಸಿದೆ. 14 ಕಿಲೋ!